ಗುರುವಾರ ಎರಡಕ್ಕೆ ಬಂದ ನೀರು

ಸಾವಕ್ಕಾ, ಇಮಾಮಸಾಬ ಕಾಕಾ ನಿಮ್ಮ ಓಣಿಯ ನೀರನ್ನು ಮಾರಿಕೊಂಡಿರಲಿಲ್ಲ. ಅಂದು ಸುಳ್ಳು ಹೇಳಿದವಳು ನಾನು. ಆಮೇಲೆ ಐದು ವರ್ಷ ಬಾಯಿ ಮುಚ್ಚಿಕೊಂಡು ಕೂತವಳೂ ನಾನೇ — ನೀರು ಬಿಡುವ ಗುತ್ತಿಗೆದಾರರ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂಡುವ ಗಿರಿಜಾ. ಮುಖ ನೆನಪಿಲ್ಲದಿದ್ದರೂ ನನ್ನ ದನಿ ನಿಮಗೆ ಗೊತ್ತು. ಮುಂಜಾನೆ ಆರು ಗಂಟೆಗೆ ನಿಮ್ಮ ಫೋನು ರಿಂಗಾದರೆ, "ನಮಸ್ಕಾರ್ರಿ, ಇವತ್ತ ನಿಮ್ಮ ಓಣಿಗೆ ನೀರು ಬರ್ತಾವ" ಎಂದು ಹೇಳುವುದು ನಾನು ಕಂಪ್ಯೂಟರಿನಲ್ಲಿ ತುಂಬಿಸಿಟ್ಟ ನನ್ನದೇ ದನಿ.

ಆ ಫೋನು ಬರುವುದಕ್ಕೆ ಮೊದಲು ಹೇಗಿತ್ತು ಎನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬೆಟಗೇರಿಯಲ್ಲಿ ನೀರು ಬರುವ ದಿನವೆಂದರೆ ಮಗ್ಗದ ಕೆಲಸ ಬಿಟ್ಟು, ಕೂಲಿ ಬಿಟ್ಟು, ಮನೆಗೆ ಓಡುವ ದಿನ. ತಪ್ಪಿದರೆ ಮತ್ತೆ ಎಂಟು ದಿನವೋ ಹತ್ತು ದಿನವೋ. ಇಮಾಮಸಾಬ ಕಾಕಾ ವಾಲ್ವ್ ತಿರುವುವ ಉದ್ದನೆಯ ಕಬ್ಬಿಣದ ಚಾವಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು, ಆ ದಿನ ಬೆಳಿಗ್ಗೆ ಓಣಿಯ ಮೂಲೆಮೂಲೆಗೆ ನಿಂತು ಕೂಗುತ್ತಿದ್ದರು — "ಎರಡಕ್ಕ ಬಿಡ್ತೀನ್ರೇ, ಎರಡಕ್ಕ!" ಇಪ್ಪತ್ತು ವರ್ಷ ಕೂಗಿದ ಗಂಟಲು ಅದು. ಅದನ್ನು ನಿಲ್ಲಿಸಿದವಳು ನಾನು.

ಕಂಪ್ಯೂಟರ್ ಕಲಿತು ಬಂದ ಹೊಸದು, ಕಾಲು ನೆಲದ ಮೇಲೆ ಇರಲಿಲ್ಲ ನೋಡಿ. ಯಾವ ಓಣಿಗೆ ಯಾವ ದಿನ, ಎಷ್ಟು ಗಂಟೆಗೆ ನೀರು ಎಂದು ಕಾಕಾ ಬಂದು ಹೇಳಬೇಕು, ನಾನು ಪಟ್ಟಿಯಲ್ಲಿ ಬರೆದಿಡಬೇಕು, ಕಂಪ್ಯೂಟರ್ ಆ ದಿನ ಬೆಳಿಗ್ಗೆ ತಾನೇ ಎಲ್ಲರ ಫೋನಿಗೂ ಕರೆ ಮಾಡಬೇಕು. ನಾನೇ ಕೂತು ಮಾಡಿದ್ದು. ಕೆಲಸ ಶುರುವಾದ ವಾರವೇ ಕಾಕಾರಿಗೆ ಹೇಳಿದೆ: "ಕಾಕಾ, ಇನ್ನ ಓಣ್ಯಾಗ ಒದರಕೋಂತ ಅಡ್ಡಾಡೂದು ಬಿಡ್ರಿ. ನನ್ನ ಕಂಪ್ಯೂಟರ್ ನೋಡ್ಕೋತೈತಿ."

"ಛಲೋ ಆತವ್ವಾ, ನನ್ನ ಗಂಟಲಾ ಉಳೀತು" ಎಂದು ನಕ್ಕರು. ನನ್ನ ಮಾತನ್ನು ನಂಬಿದರು. ಎಂಟು ತಿಂಗಳು ಒಂದು ದಿನವೂ ತಪ್ಪಲಿಲ್ಲ.

ಈಗ ಒಂದು ವಿಷಯ ಹೇಳಬೇಕು, ಸಾವಕ್ಕಾ. ಸ್ವಲ್ಪ ತಾಳ್ಮೆಯಿಂದ ಕೇಳಿ, ನನ್ನ ತಪ್ಪು ಇದರೊಳಗೇ ಇದೆ. ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಕೆಲಸಗಳನ್ನು ಶುರುಮಾಡುವುದಕ್ಕೆ, ಕಾಯುವುದಕ್ಕೆ, ನಿಂತರೆ ಮತ್ತೆ ಎಬ್ಬಿಸುವುದಕ್ಕೆ ಎರಡು ಬಗೆಯ ಮ್ಯಾನೇಜರುಗಳಿರುತ್ತವೆ — ಮನುಷ್ಯರಲ್ಲ, ಯಂತ್ರದೊಳಗೇ ಓಡುವ ಪ್ರೋಗ್ರಾಮುಗಳು. ಒಂದು ಇಡೀ ಯಂತ್ರದ್ದು. ಕರೆಂಟು ಬಂದು ಯಂತ್ರ ಎದ್ದ ಕೂಡಲೇ ಅದೂ ಏಳುತ್ತದೆ, ಯಂತ್ರ ಆರುವವರೆಗೂ ಇರುತ್ತದೆ. ಯಾರು ಬಂದರು, ಯಾರು ಹೋದರು ಎನ್ನುವುದು ಅದಕ್ಕೆ ಬೇಕಿಲ್ಲ. ಇನ್ನೊಂದು ಒಬ್ಬೊಬ್ಬರದು. ನಾನು ನನ್ನ ಹೆಸರು ಹಾಕಿ ಒಳಗೆ ಹೋದರೆ ನನ್ನ ಮ್ಯಾನೇಜರ್ ಏಳುತ್ತದೆ, ನನ್ನ ಕೆಲಸಗಳನ್ನು ನೋಡಿಕೊಳ್ಳುತ್ತದೆ. ನಾನು ಪೂರ್ತಿ ಹೊರಗೆ ಬಂದೆನೋ — ನನ್ನ ಕೆಲಸಗಳನ್ನೆಲ್ಲ ನಿಲ್ಲಿಸಿ ಅದೂ ಹೋಗಿಬಿಡುತ್ತದೆ. ಪರದೆಗೆ ಬೀಗ ಹಾಕಿ ಮನೆಗೆ ಹೋದರೆ ತೊಂದರೆ ಇಲ್ಲ, ನಾನು ಒಳಗೇ ಇದ್ದೇನೆಂದು ಅದರ ಲೆಕ್ಕ. "ಇವಳು ಹೋದರೂ ಇವಳ ಮ್ಯಾನೇಜರನ್ನು ಕಳಿಸಬೇಡ" ಎಂದು ಯಂತ್ರಕ್ಕೆ ಮೊದಲೇ ಹೇಳಿಡುವುದಕ್ಕೂ ದಾರಿಯಿದೆ. ಒಂದೇ ಸಾಲು ಬರೆದರೆ ಸಾಕು.

ನಿಮ್ಮ ಓಣಿಗೆ ಕರೆ ಮಾಡುವ ಕೆಲಸವನ್ನು ಯಂತ್ರದ ಮ್ಯಾನೇಜರಿಗೆ ಒಪ್ಪಿಸಬೇಕಾಗಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಹೇಳಿದರೆ ಯಾರು ಬೇಕಾದರೂ ನಂಬಿಯಾರು, ಆದರೆ — ಗೊತ್ತಿತ್ತು. ಅದಕ್ಕೆ ಯಂತ್ರದ ದೊಡ್ಡ ಪಾಸ್‌ವರ್ಡ್ ಬೇಕು. ಅದು ಸುಪರ್‌ವೈಸರ್ ಪಾಟೀಲ ಸರ್ ಹತ್ತಿರ ಇತ್ತು. ಸೇರಿದ ಮೊದಲ ದಿನವೇ ಅವರು, "ನಿಮಗ್ಯಾಕ ಬೇಕ್ರಿ ಅದೆಲ್ಲಾ, ಟೈಪ್ ಮಾಡ್ಕೊಂಡ ಸುಮ್ಮನ ಇರ್ರಿ" ಎಂದಿದ್ದರು. ಅಂಥವರ ಮುಂದೆ ಹೋಗಿ ಕೈಯೊಡ್ಡಲೇ? ನನ್ನ ಹೆಸರಿನೊಳಗೇ ಕಟ್ಟಿದೆ. ಯಾರನ್ನೂ ಕೇಳಬೇಕಾಗಲಿಲ್ಲ. ನಾನು ಎಂದೂ ಪೂರ್ತಿ ಹೊರಗೆ ಬರುತ್ತಿರಲಿಲ್ಲ, ಪರದೆಗೆ ಬೀಗ ಹಾಕಿ ಹೋಗುತ್ತಿದ್ದೆ. ನಡೆಯಿತು. "ಕಳಿಸಬೇಡ" ಎನ್ನುವ ಆ ಒಂದು ಸಾಲನ್ನಾದರೂ ನಾಳೆ ಬರೆದರಾಯಿತು ಎಂದುಕೊಂಡೆ — ನಾಳೆ, ನಾಡಿದ್ದು...

ಆ ವಾರ ಲಕ್ಷ್ಮೇಶ್ವರದಲ್ಲಿ ಬಸುರಿ ಅಕ್ಕನ ಕುಬಸ ಇತ್ತು. ಎರಡು ದಿನ ರಜೆ ಹಾಕಿದೆ. ಮಂಗಳವಾರ ಕಾಕಾ ಆಫೀಸಿಗೆ ಬಂದು, ನನ್ನ ಟೇಬಲ್ಲಿನ ಹತ್ತಿರ ನಿಂತು, "ನಮ್ಮ ಓಣಿಗೆ ಗುರುವಾರ ಎರಡಕ್ಕವ್ವಾ, ಬರ್ಕೋ" ಎಂದರು. ಅವರ ಮುಂದೆಯೇ ಬರೆದೆ. "ಆತ್ರಿ ಕಾಕಾ" ಎಂದೆ. ಬುಧವಾರ ಸಂಜೆ ಹೊರಡುವಾಗ ನನ್ನ ಬದಲಿಗೆ ಬರುವ ಹುಡುಗಿಯ ವಿಚಾರ ತಲೆಗೆ ಬಂತು. ನನ್ನ ಸೀಟಿನಲ್ಲಿ ಕೂತು, ನಾನು ಮಾಡಿದ್ದನ್ನೆಲ್ಲ ಕೆದಕಿ, ಆಮೇಲೆ ತಾನೇ ಮಾಡಿದೆನೆಂದರೆ? ಹೊಟ್ಟೆಕಿಚ್ಚು, ಬೇರೇನಲ್ಲ. ಬರೀ ಬೀಗ ಹಾಕಿ ಹೋದರೆ ಅದನ್ನು ತೆರೆಯಲು ನನ್ನ ಪಾಸ್‌ವರ್ಡ್ ಅವಳಿಗೆ ಕೊಡಬೇಕಾಗುತ್ತಿತ್ತು. ಎಂಟು ತಿಂಗಳಲ್ಲಿ ಮೊದಲ ಸಲ ಪೂರ್ತಿ ಹೊರಗೆ ಬಂದೆ. ಯಂತ್ರ ಚಾಲೂ ಇತ್ತು, ಅದರ ಫ್ಯಾನ್ ತಿರುಗುತ್ತಲೇ ಇತ್ತು; ಹೊರಗೆ ಬಂದರೆ ನನ್ನ ಕೆಲಸ ನಿಲ್ಲುತ್ತದೆ ಎನ್ನುವುದು ಆ ಗಳಿಗೆಗೆ ನೆನಪಾಗಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಚೀಲ ಎತ್ತಿಕೊಂಡು ನಡೆದೆ.

ಗುರುವಾರ ಮಧ್ಯಾಹ್ನ ಎರಡಕ್ಕೆ ಕಾಕಾ ವಾಲ್ವ್ ತಿರುವಿದರು. ಹೇಳಿದ ಹೊತ್ತಿಗೆ ಸರಿಯಾಗಿ. ಓಣಿಯ ಹೆಂಗಸರೆಲ್ಲ ಕೆಲಸದಲ್ಲಿದ್ದರು, ಹೆಚ್ಚಿನ ಬಾಗಿಲುಗಳಿಗೆ ಬೀಗ. ಬೆಳಿಗ್ಗೆ ಫೋನು ಬಂದಿಲ್ಲವೆಂದರೆ ನೀರಿಲ್ಲ ಎಂದಲ್ಲವೇ ಎಲ್ಲರ ಲೆಕ್ಕ? ಕಾಕಾರ ಮನೆಯೂ ಅದೇ ಓಣಿಯಲ್ಲಿ. ಅವರ ಹೆಂಡತಿ ಬೀಬಿಜಾನ್ ಚಾಚಿ ಮನೆಯಲ್ಲಿದ್ದರು, ನಲ್ಲಿ ಸದ್ದು ಕೇಳಿ ಹಂಡೆ, ಕೊಡ, ಬಕೀಟು ಎಲ್ಲ ತುಂಬಿಸಿಕೊಂಡರು. ಉಳಿದವರೂ ಬಂದು ಹಿಡಿದಿರಬಹುದು ಎಂದುಕೊಂಡರಂತೆ. ನಾಲ್ಕಕ್ಕೆ ನೀರು ನಿಂತಿತು. ನೀವು ಬಂದದ್ದು ಆರಕ್ಕೆ.

ನಿಮ್ಮ ಅತ್ತೆ ಆಗ ಹಾಸಿಗೆ ಹಿಡಿದಿದ್ದರು. ದಿನಾ ಹಾಸಿಗೆ ಒಗೆಯಬೇಕಾಗಿತ್ತು. ಅದು ನನಗೆ ಆಮೇಲೆ ತಿಳಿಯಿತು. ಅವತ್ತಿನಿಂದ ಎಂಟು ದಿನ ನೀವು ಬೋರಿನ ಸವುಳು ನೀರನ್ನು ಟೊಂಕದ ಮೇಲೆ ಹೊತ್ತಿರಿ. ಇಡೀ ಓಣಿ ಖಾಲಿ, ಇಮಾಮಸಾಬನ ಮನೆಯಲ್ಲಿ ಮಾತ್ರ ತುಂಬಿದ ಹಂಡೆ — ಯಾರಾದರೂ ಏನು ತಿಳಿದಾರು? ಮೂಲೆಯಲ್ಲಿ ಟ್ಯಾಂಕರ್ ನಿಂತಿದ್ದನ್ನು ಯಾರೋ ಕಂಡಿದ್ದರಂತೆ. ಟ್ಯಾಂಕರಿಗೆ ನೀರು ಮಾರಿದನೆಂಬ ಮಾತಿಗೆ ಕೈಕಾಲು ಬಂದವು.

ಶನಿವಾರ ಬೆಳಿಗ್ಗೆ ನಾನು ಬಂದು ಒಳಗೆ ಹೋದೆ. ನನ್ನ ಮ್ಯಾನೇಜರ್ ಎದ್ದಿತು, ಕೆಲಸ ಶುರುವಾಯಿತು, ಏನೂ ಆಗಿಲ್ಲವೆಂಬಂತೆ. ಅನುಮಾನ ಬಂದು ಯಂತ್ರ ತಾನೇ ಬರೆದಿಡುವ ದಾಖಲೆ ತೆರೆದೆ. ಬುಧವಾರ ಐದು ಹನ್ನೆರಡಕ್ಕೆ ಗಿರಿಜಾ ಹೊರಗೆ ಹೋದರು. ಅದೇ ನಿಮಿಷ ಗಿರಿಜಾರ ಮ್ಯಾನೇಜರ್ ನಿಂತಿತು. ಕರೆ ಮಾಡುವ ಕೆಲಸ ನಿಂತಿತು. ಅಲ್ಲಿಂದ ಶನಿವಾರದವರೆಗೆ ಕರೆ ಮಾಡಿದ ಒಂದು ಸಾಲೂ ಇಲ್ಲ; ಆ ಎರಡು ದಿನ ಪಟ್ಟಿಯಲ್ಲಿದ್ದದ್ದು ನಿಮ್ಮ ಓಣಿಯೊಂದೇ. ಅಯ್ಯೋ ಶಿವನೇ, ಏನು ಮಾಡಿಬಿಟ್ಟೆ ಎನ್ನುವಷ್ಟರಲ್ಲಿ ಹೊರಗೆ ನಿಮ್ಮೆಲ್ಲರ ಗಲಾಟೆ ಕೇಳಿತು. ನನ್ನ ಕೈ — ನನ್ನದೇ ಕೈ, ಸಾವಕ್ಕಾ — ಪಟ್ಟಿಯೊಳಗಿನ ಆ ಗುರುವಾರದ ಸಾಲನ್ನು ಅಳಿಸಿತು.

ನೀವು, ಇನ್ನೂ ಹದಿನೈದಿಪ್ಪತ್ತು ಮಂದಿ, ಮುಂದೆ ಪಾಟೀಲ ಸರ್, ನಡುವೆ ಇಮಾಮಸಾಬ ಕಾಕಾ.

"ಗುರುವಾರದ್ದು ಇಮಾಮಸಾಬ ನಿಮಗ ಹೇಳಿದ್ನೇನ್ರಿ?" ಎಂದು ಪಾಟೀಲ ಸರ್ ಕೇಳಿದರು.

"ಇಲ್ರಿ. ನನಗ ಹೇಳೇ ಇಲ್ರಿ."

ಅಷ್ಟೇ. ಇಷ್ಟೇ ಮಾತು. ಕಾಕಾ ನನ್ನನ್ನು ನೋಡಿದ ರೀತಿ... ಅವರಿಗೆ ಸಿಟ್ಟು ಬರಲಿಲ್ಲ, ನಾನು ಮರೆತಿದ್ದೇನೆ ಎಂದುಕೊಂಡರು. ನೆನಪು ಮಾಡಿಕೊಡುವವರ ಹಾಗೆ ಹೇಳಿದರು: "ಮಂಗಳವಾರ ಹೇಳೀನಲ್ಲವ್ವಾ, ನನ್ನ ಮುಂದನ ಬರ್ಕೊಂಡಿ. ನಿನ್ನ ಕಂಪ್ಯೂಟರ್ ತಗದ ನೋಡು, ಅದರಾಗ ಇರ್ತೈತಿ."

ನಾನು ಪರದೆಯನ್ನು ಎಲ್ಲರ ಕಡೆಗೆ ತಿರುಗಿಸಿದೆ. ಗುರುವಾರದ ಜಾಗ ಖಾಲಿ ಇತ್ತು. ಓದಲು ಬಾರದ ಕಾಕಾ ಆ ಪರದೆಯನ್ನೇ ಬಹಳ ಹೊತ್ತು ನೋಡಿದರು. ಆಗ ನೀವು, "ಲೇ ಮುದುಕಾ, ನಮ್ಮ ನೀರು ಮಾರ್ಕೊಂಡ ತಿಂದೇನ್ಲೇ!" ಎಂದು ಕೈಯಲ್ಲಿದ್ದ ಖಾಲಿ ಕೊಡವನ್ನು ಬೀಸಿ ಒಗೆದಿರಿ. ಅವರ ಎದೆಗೆ ಬಡಿಯಿತು. ಅವರು ಬಗ್ಗಿ ಆ ಕೊಡವನ್ನು ಎತ್ತಿ ನಿಮ್ಮ ಕಾಲ ಹತ್ತಿರ ಇಟ್ಟರು. ಪಾಟೀಲ ಸರ್ ಅಲ್ಲೇ ಚಾವಿ ಕಸಿದುಕೊಂಡರು.

ಅದೇ ಸಂಜೆ ನಾನು ಪಾಟೀಲ ಸರ್ ಹತ್ತಿರ ಹೋದೆ. "ಸರ್, ಪಾಸ್‌ವರ್ಡ್ ಒಂದೀಟ ಹಾಕಿ ಕೊಡ್ರಿ" ಎಂದು ಹಲ್ಲುಗಿಂಜಿದೆ. ಅವರು ಕೀಬೋರ್ಡಿಗೆ ಕೈ ಅಡ್ಡ ಹಿಡಿದು ಒತ್ತಿದರು. ಕರೆ ಮಾಡುವ ಕೆಲಸವನ್ನು ಯಂತ್ರದ ಮ್ಯಾನೇಜರಿಗೆ ಒಪ್ಪಿಸಿದೆ. ಹತ್ತು ನಿಮಿಷದ ಕೆಲಸ. ಎಂಟು ತಿಂಗಳು ಅಡ್ಡ ಬಂದಿದ್ದ ಸೊಕ್ಕು, ನನ್ನ ಬುಡಕ್ಕೇ ಬಂದಾಗ ಎಲ್ಲಿಗೆ ಹೋಯಿತೋ! ಅವತ್ತಿನಿಂದ ಇವತ್ತಿನವರೆಗೆ ಒಂದು ಕರೆಯೂ ತಪ್ಪಿಲ್ಲ. ಎಲ್ಲರೂ ನನ್ನನ್ನು ಹೊಗಳುತ್ತಾರೆ.

ಪಟ್ಟಿ ನನ್ನದಾಗಿತ್ತು, ಅಳಿಸಿದೆ. ಯಂತ್ರ ಬರೆದಿಟ್ಟ ದಾಖಲೆ ನನ್ನದಲ್ಲ. ಅದನ್ನು ಓದಬಹುದಿತ್ತು, ಮುಟ್ಟುವುದಕ್ಕೆ ದೊಡ್ಡ ಪಾಸ್‌ವರ್ಡ್ ಬೇಕಾಗಿತ್ತು. ಹಳೆಯ ದಾಖಲೆಗಳನ್ನು ಯಂತ್ರ ಒಂದು ದಿನ ತಾನೇ ತೆಗೆದುಹಾಕುತ್ತದೆ ಎಂದು ಓದಿದ್ದೆ. ಕಾದೆ. ತಿಂಗಳಿಗೊಮ್ಮೆ, ಕೆಲವು ಸಲ ವಾರಕ್ಕೊಮ್ಮೆ, ಬಾಗಿಲು ಮುಂದೆ ಮಾಡಿ ತೆಗೆದು ನೋಡುತ್ತಿದ್ದೆ. ಇರುತ್ತಿತ್ತು. ಐದು ಹನ್ನೆರಡು, ಗಿರಿಜಾ ಹೊರಗೆ ಹೋದರು. ಸಂಜೆ ಗೋಡೆಯ ಗಡಿಯಾರದಲ್ಲಿ ಐದು ದಾಟಿದರೆ ನನಗೆ ಅತ್ತ ನೋಡಲಾಗುತ್ತಿರಲಿಲ್ಲ. ಪೇಟೆಯಲ್ಲಿ ಬಿಳಿ ಟೋಪಿಯ, ತೆಳ್ಳನೆಯ, ಸೈಕಲ್ ತಳ್ಳಿಕೊಂಡು ಹೋಗುವ ಯಾರನ್ನು ಕಂಡರೂ ಪಕ್ಕದ ಅಂಗಡಿಯೊಳಗೆ ಹೊಕ್ಕುಬಿಡುತ್ತಿದ್ದೆ. ನನ್ನದೇ ದನಿಯನ್ನು ಫೋನಿನಲ್ಲಿ ಕೇಳಿದರೆ — ಎಷ್ಟು ಸಮಾಧಾನದ ದನಿ ಅದು! — ಇವಳು ಯಾರು ಎನಿಸುತ್ತಿತ್ತು. ಕಾಕಾ ಮನೆ ಬಿಟ್ಟು ಮುಂಡರಗಿಗೆ ಮಗಳ ಊರಿಗೆ ಹೋದರೆಂದು ಕೇಳಿದಾಗ, ದೇವರಾಣೆ ಹೇಳುತ್ತೇನೆ, ಮೊದಲು ನನಗಾದದ್ದು ನಿರಾಳ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೋದ ತಿಂಗಳು ಆಫೀಸಿಗೆ ಹೊಸ ಕಂಪ್ಯೂಟರ್ ಬಂತು. ಪಾಟೀಲ ಸರ್ ನಿವೃತ್ತರಾಗುವವರು, ಎಲ್ಲವನ್ನೂ ನನಗೆ ವಹಿಸಿ, ದೊಡ್ಡ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. "ಹಳೇದನ್ನೆಲ್ಲಾ ಅಳಿಸಿ ಬಿಡ್ರಿ, ಮೂಲ್ಯಾಗ ಇಡೂಣು" ಎಂದರು. ದಾಖಲೆಯಲ್ಲಿನ ಆ ಬುಧವಾರದ ಸಾಲುಗಳನ್ನು ತೆರೆದೆ. ಇನ್ನು ಅಳಿಸಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಅಳಿಸಿದ ಮೇಲೆ ಈ ಮಾತು ನನ್ನ ತಲೆಯಲ್ಲಿ ಮಾತ್ರ ಉಳಿಯುತ್ತದೆ, ಆಮೇಲೆ ನಾನೇ ಅದನ್ನು ಸುಳ್ಳೆಂದುಕೊಂಡರೂ ಆಶ್ಚರ್ಯವಿಲ್ಲ — ಹಾಗೆ ಅನಿಸಿತು. ಅಳಿಸದೆ, ಆ ಸಾಲುಗಳನ್ನು ಕಾಗದಕ್ಕೆ ಇಳಿಸಿಕೊಂಡು ಮುಂಡರಗಿಯ ಬಸ್ಸು ಹತ್ತಿದೆ.

ಕಾಕಾ ಮಗಳ ಮನೆಯ ಮುಂದೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದರು. ಗುರುತು ಹಿಡಿದರು. "ಬಾರವ್ವಾ, ಕುಂಡ್ರು" ಎಂದರು. ಕೂಡಲಿಲ್ಲ, ನಿಂತೇ ಓದಿದೆ, ನಿಂತೇ ಎಲ್ಲ ಹೇಳಿದೆ. ಪಟ್ಟಿ ಅಳಿಸಿದ್ದನ್ನೂ ಹೇಳಿದೆ. ಅವರು ಬಳ್ಳೊಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೇಳಿದರು:

"ನನಗ್ಯಾಕ ಹೇಳ್ತೀಯವ್ವಾ? ನಾ ಮಾರಿಲ್ಲ ಅನ್ನೂದು ನನಗ ಗೊತ್ತೈತಲ್ಲ."

ನಾನು ಕಾಗದ ಮಡಚಿದೆ.

"ಗೊತ್ತಿಲ್ಲದ್ದು ಅಕಿಗೆ" ಎಂದರು. ಅಕಿ ಎಂದರೆ ಬೀಬಿಜಾನ್ ಚಾಚಿ. ಹೋದ ವರ್ಷ ತೀರಿಕೊಂಡಿದ್ದಾರೆ. "ಓಣಿ ಮಂದಿ ಅಂದ್ರು, ಆತು. ಅಕಿನೂ ಕೇಳಾಕಿ. ಖರೆ ಹೇಳ್ರಿ, ನನ್ನ ಮುಂದರೆ ಖರೆ ಹೇಳ್ರಿ, ಟ್ಯಾಂಕರಿನವ್ರಿಗೆ ಬಿಟ್ಟಿದ್ರೇನು ಅಂತ. ನಾ ಇಲ್ಲ ಅಂದ್ರ ಹ್ಞೂಂ ಅನ್ನಾಕಿ. ಮತ್ತ ನಾಕ ದಿನಕ್ಕ ಕೇಳಾಕಿ. ಜಡ್ಡಾಗಿ ಮಲಗಿದಾಗೂ ಕೇಳಿದ್ಲು."

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡರು. "ಮಾಫಿ ಅಂತ ಅನ್ನಾಕ ಬರಬ್ಯಾಡ. ಸಾವಕ್ಕನ ಮುಂದ ಹೋಗಿ ಹೇಳು. ಆ ಹೆಣಮಗಳು ಛಲೋ ಹೆಣಮಗಳು, ನನ್ನ ಅಣ್ಣಾ ಅನ್ನಾಕಿ" ಎಂದರು. ಮತ್ತೆ ತಲೆ ಎತ್ತಲಿಲ್ಲ.

ಅದಕ್ಕೇ ಇದನ್ನು ಬರೆದೆ, ಸಾವಕ್ಕಾ. ನೀವು ಅಣ್ಣನೆಂದವರ ಮೇಲೆ ಕೈ ಎತ್ತುವ ಹಾಗೆ ಮಾಡಿದವಳು ನಾನು. ಒಬ್ಬ ಹೆಂಗಸು ಇಡೀ ಬಾಳು ಸಂಗಡ ಬಾಳಿದ ಗಂಡನನ್ನು ನಂಬಬೇಕೋ ಬಿಡಬೇಕೋ ತಿಳಿಯದೆ ಕಣ್ಣು ಮುಚ್ಚುವ ಹಾಗೆ ಮಾಡಿದವಳೂ ನಾನೇ. ಈ ಕಾಗದವನ್ನು ನಿಮ್ಮ ಕೈಗೆ ಕೊಟ್ಟು ಹೋಗಿಬಿಡುವುದು ಸುಲಭ. ಹಾಗೆ ಮಾಡುವುದಿಲ್ಲ. ಪಾಟೀಲ ಸರ್‌ಗೆ ಹೇಳಿಯಾಗಿದೆ, ಕೆಲಸದ ಮಾತು ಅವರು ನೋಡಿಕೊಳ್ಳಲಿ. ನಾಡಿದ್ದು ನಿಮ್ಮ ಓಣಿಗೆ ನೀರು ಬರುತ್ತದೆ, ಎಲ್ಲರೂ ಮನೆಯಲ್ಲಿರುತ್ತೀರಿ. ಆಗ ಬಂದು ಒಂದೊಂದೇ ಬಾಗಿಲಿಗೆ ನಿಂತು ಹೇಳುತ್ತೇನೆ. ಅಲ್ಲಿ ಯಾರು ಏನಂದರೂ ತಲೆ ತಗ್ಗಿಸಿ ಕೇಳುತ್ತೇನೆ.

ಎಲ್ಲ ಬಾಗಿಲು ಮುಗಿದ ಮೇಲೆ ಕಾಕಾರ ಹಳೆಯ ಮನೆಯ ಬಾಗಿಲು ಬರುತ್ತದೆ. ಈಗ ಅಲ್ಲಿ ಬೇರೆ ಯಾರೋ ಇದ್ದಾರೆ. ಇದನ್ನು ಎಲ್ಲರಿಗಿಂತ ಮೊದಲು ಕೇಳಿಸಿಕೊಳ್ಳಬೇಕಾಗಿದ್ದ ಬೀಬಿಜಾನ್ ಚಾಚಿ ಆ ಮನೆಯಲ್ಲಿದ್ದರು. ಅವರು ಕೇಳುತ್ತಲೇ ಇದ್ದರು, ಉತ್ತರ ನನ್ನ ಹತ್ತಿರ ಇತ್ತು.