ಬಿಟ್ಟಮೇಲೆ ಉಳಿಯುವುದು
ನನ್ನ ಬೇರಿಂಗ್ ಅಂಗಡಿಯ ಖಾಯಂ ಗಿರಾಕಿ ಲೆಕ್ಕದ ಮೇಷ್ಟ್ರು, ಉಕ್ಕಿನ ಗುಂಡು ತಗಡನ್ನು ಒತ್ತಿದರೆ ಏನಾಗುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರು. ಚೂರುಚೂರೇ ಭಾರ ಹೆಚ್ಚಿಸಿ, ‘ಗುಂಡು ತಗಡಿಗೆ ತಾಗಿತೇ, ಇಲ್ಲವೇ?’ ಎಂದು ಸಾವಿರ ಸಲ ಕೇಳಿಕೊಳ್ಳುತ್ತಾರೆ. ‘ಒತ್ತಿದಾಗ ಎಲ್ಲಾನೂ ತಗ್ಗುತ್ತೆ ಕಣ್ರೀ, ಬಿಟ್ಟಮೇಲೆ ಎಷ್ಟು ಉಳೀತು ಅನ್ನೋದೇ ಲೆಕ್ಕ’ ಎನ್ನುತ್ತಾ, ಉತ್ತರ ತಾಳೆ ನೋಡಲು ನನ್ನ ಹೊಸ ತಗಡುಗಳಿಗೆಲ್ಲ ಗುಂಡು ಒತ್ತಿ ಗುಳಿ ಬೀಳಿಸುತ್ತಾರೆ. ‘ನೀವು ಬಂದುಹೋದ್ರೆ ನನ್ನ ತಗಡಿಗೆ ಸಿಡುಬು ಬಂದ ಹಾಗಿರುತ್ತೆ ಸಾರ್’ ಎಂದರೆ ನಗುತ್ತಾರೆ. ಹೆಂಡತಿ ತೀರಿಕೊಂಡಾಗ ತಮ್ಮ ಕೈಯಲ್ಲಿದ್ದ ಮದುವೆಯ ಉಂಗುರವನ್ನು ಕಳಚಿ ಆಕೆಯ ಬೆರಳಿಗೇ ತೊಡಿಸಿ ಕಳಿಸಿದರಂತೆ. ಅಂದಿನಿಂದ ಪ್ರತಿ ಶನಿವಾರ ಬೆರಳು ಚಾಚಿ, ‘ಉಂಗುರದ ಗುರುತು ಇನ್ನೂ ಇದೆಯಾ ನೋಡ್ರೀ, ನನ್ನ ಕಣ್ಣು ಮಂಜು’ ಎನ್ನುತ್ತಾರೆ. ಕೂದಲೆಳೆಯಷ್ಟೂ ಅಳತೆ ತಪ್ಪದ ನಾನು, ನುಣುಪಾಗಿಹೋದ ಆ ಬೆರಳನ್ನು ಬೆಳಕಿಗೆ ಹಿಡಿದು, ‘ಇದೆ ಸಾರ್, ಹೋದ ವಾರದಷ್ಟೇ ಇದೆ’ ಎನ್ನುತ್ತೇನೆ.