ಕೈ ಹಿಡಿದು ಬಿಟ್ಟ ನೀರು

ಲಿಂಗಸುಗೂರಿನಲ್ಲಿ ಸೇವೆ ಆರಂಭಿಸಿ, ಸಿಂಧನೂರಿನಲ್ಲಿ ಹೆಸರು ಗಳಿಸಿ, ಮಸ್ಕಿಯಲ್ಲಿ ಈ ವರ್ಷ ನಿವೃತ್ತರಾಗುತ್ತಿರುವ ಶ್ರೀ ನರಸಣ್ಣ ಮಾಸ್ತರರು ನಮ್ಮ ಭಾಗದ ಇತಿಹಾಸ ಶಿಕ್ಷಕರಲ್ಲಿ ಹಿರಿಯರು. ಮಸ್ಕಿಯ ಶಾಸನದ ಬಂಡೆಯ ಬಳಿ ಮಕ್ಕಳನ್ನು ಕರೆದೊಯ್ದಾಗ, ಎಲ್ಲರೂ ನೀರು ಕುಡಿದಿರೇನು ಎಂದು ಕೇಳದೆ ಪಾಠಕ್ಕೆ ತೊಡಗಿದವರಲ್ಲ. ಆದರೆ ಎಂಥ ಅಂಜುಬುರುಕ ಜೀವ ಅಂತೀರಿ! ಬಸ್ಸು ಬರುವ ಮೊದಲೇ ಅದು ತಪ್ಪಿಹೋಯಿತೇನೋ ಎಂದು ಬೆವರುವವರು. ಅಂಥವರು ಒಂದು ದಿನ ತೋರಿದ ಧೈರ್ಯವನ್ನು ಇಲ್ಲಿ ದಾಖಲಿಸಲೇಬೇಕು.

ಸಿಂಧನೂರಿನ ಶಾಲೆಯಲ್ಲಿ ಅವರ ಸಹೋದ್ಯೋಗಿಯಾಗಿದ್ದವರು ನಿರಾಶ್ರಿತರ ಪುನರ್ವಸತಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನ ಗಣಿತ ಶಿಕ್ಷಕಿ ಶಿಪ್ರಾ ಬರುವಾ. ಬಂಗಾಳದಿಂದ ಬಂದ ಬೌದ್ಧ ಮನೆತನದವರು, ಒಬ್ಬಳೇ ಮಗಳು. ತಾಯಿ ಹಾಸಿಗೆ ಹಿಡಿದಾಗ ಶಿಪ್ರಾ ಅವರ ಸಂಜೆಯ ತರಗತಿಗಳನ್ನೆಲ್ಲ ಮಾಸ್ತರರೇ ವಹಿಸಿಕೊಂಡಿದ್ದರು. ಹೋದ ವರ್ಷ ಆ ತಾಯಿ ತೀರಿಕೊಂಡರು. ಕಾರ್ಯಕ್ಕೆ ದೂರದಿಂದ ಬರಬೇಕಿದ್ದ ಭಿಕ್ಷು ಭಂತೇಜಿ ಜ್ವರದಿಂದ ಮಲಗಿ, ಮೊಬೈಲಿನಲ್ಲೇ ಪಠಿಸುವೆನೆಂದರು.

"ಕ್ಯಾಂಪ್ ಬಿಟ್ರ ನಮ್ಮ ಧರ್ಮದವರು ಅಂತ ಇಲ್ಲಿ ಮತ್ಯಾರದಾರ್ರೀ ಸರ್? ನೀವರ ಬರ್ರಿ," ಎಂದರು ಶಿಪ್ರಾ ಫೋನಿನಲ್ಲಿ.

ಮಾಸ್ತರರು ಹೂಂ ಎಂದರು, ಕೂಡಲೇ ಅಂಜಿದರು. ಅವರೂ ಬೌದ್ಧರೇ, ಆದರೆ ಮಸ್ಕಿ ಬಳಿಯ ಪಾಮನಕಲ್ಲೂರಿನ ಬೌದ್ಧರು. ಅಪ್ಪನ ಕಾಲಕ್ಕೆ ಅಸ್ಪೃಶ್ಯತೆ ಧಿಕ್ಕರಿಸಿ ಬೌದ್ಧ ದೀಕ್ಷೆ ಪಡೆದು, ಶ್ರಾದ್ಧ ಮಾಡೆವು, ಪಿಂಡ ಇಡೆವು ಎಂದು ಪ್ರತಿಜ್ಞೆ ಮಾಡಿದ ಮನೆ. ಕ್ಯಾಂಪಿನವರದೋ, ಪಠಣ ನಡೆಯುವಾಗ ಬಟ್ಟಲಿಗೆ ನೀರು ಬಿಟ್ಟು ಸತ್ತವರಿಗೆ ಪುಣ್ಯ ಹಂಚುವ ಪದ್ಧತಿ. ಇದೂ ತರ್ಪಣವೇ ಅಲ್ಲವೇ? ಅವರವ್ವ ಜೋಗಮ್ಮ, ತಮ್ಮನ ಮನೆಯಲ್ಲಿ ಕಾಗೆಗೆ ಎಡೆ ಇಟ್ಟರೆಂದು ಉಣ್ಣದೆ ಎದ್ದುಬಂದ ಗಟ್ಟಿಗಿತ್ತಿ. ಅವಳಿಗೆ ಗೊತ್ತಾದರೆ? ಶಾಲೆಯ ಕೆಲಸವೆಂದು ಸುಳ್ಳು ಹೇಳಿ ಮಾಸ್ತರರು ಸಿಂಧನೂರಿನ ಬಸ್ಸು ಹತ್ತಿದರು.

ಅಲ್ಲಿ ಪಠಣ ಅರ್ಧಕ್ಕೆ ಬಂದಿತ್ತು, ನೆಟ್‌ವರ್ಕ್ ಹೋಯಿತು! ನೆರೆದವರೆಲ್ಲ ಮಾಸ್ತರರತ್ತ ನೋಡಿದರು. ಅವರಿಗೋ ಆ ಪಠಣ ಬಾರದು. ಪ್ರತಿ ಭಾನುವಾರ ಊರಲ್ಲಿ ಹೇಳುವ 'ಬುದ್ಧಂ ಸರಣಂ ಗಚ್ಛಾಮಿ' ಒಂದೇ ನಾಲಿಗೆಗೆ ಬಂತು. ಹೇಳಿದರು. ಕ್ಯಾಂಪಿನ ಮುದುಕಿಯರು ದನಿಗೂಡಿಸಿದರು. ರಾಗ ಬೇರೆ, ಮಾತು ಅವೇ.

ಶಿಪ್ರಾ ತಂಬಿಗೆ ಎತ್ತಿದರು. ನೀರು ಬಿಡುವವರ ಕೈಯನ್ನು ಮನೆಯವರು ಹಿಡಿದಿರಬೇಕು, ಹಿಡಿದವರಿಗೆಲ್ಲ ಪುಣ್ಯದ ಪಾಲು. ಹಿಡಿಯಲು ಒಡಹುಟ್ಟಿದವರು ಯಾರೂ ಇರಲಿಲ್ಲ. ಮಾಸ್ತರರು ಅವ್ವನನ್ನು ನೆನೆದರು, ಅಂಜಿದರು, ಅಂಜುತ್ತಲೇ ಮುಂದೆ ಸರಿದು ಆಕೆಯ ಕೈ ಹಿಡಿದರು. ಹಿಂದಿನಿಂದ ಯಾರೋ ಅವರ ಭುಜ ಹಿಡಿದರು, ಅವರ ಭುಜವನ್ನು ಇನ್ನೊಬ್ಬರು. ಬಟ್ಟಲು ತುಂಬಿ ಹರಿಯಿತು.

ಸುದ್ದಿ ಮೊಬೈಲಿನಲ್ಲಿ ಅವರಿಗಿಂತ ಮೊದಲೇ ಊರು ಸೇರಿತ್ತು. ಜೋಗಮ್ಮ ಕಟ್ಟೆಯ ಮೇಲೆ ಕುಂತಿದ್ದರು.

"ನೀರು ಬಿಟ್ಟೆಂತಲ್ಲೋ ನರಸಾ?"

"ಬಿಟ್ಟೆ ಯವ್ವಾ." ಈ ಸಲ ಮಾಸ್ತರರು ಸುಳ್ಳು ಹೇಳಲಿಲ್ಲ.

ಮುದುಕಿ ತಮ್ಮ ಬೊಗಸೆಯನ್ನೇ ನೋಡಿಕೊಂಡರು. ಸಣ್ಣಾಕೆಯಿದ್ದಾಗ ಮೇಲ್ಜಾತಿಯವರ ಬಾವಿಯ ಬಳಿ ಬೊಗಸೆಯೊಡ್ಡಿ ನಿಂತವರು ಅವರು. ಎಲ್ಲಿ ಮೈಲಿಗೆಯಾದೀತೋ ಎಂದು ಬಾವಿಯವರು ನೀರನ್ನು ಮೇಲಿನಿಂದ ಸುರಿಯುತ್ತಿದ್ದರು. ಅರ್ಧ ಬೊಗಸೆಗೆ, ಅರ್ಧ ಮಣ್ಣಿಗೆ.

"ಮ್ಯಾಲಿಂದ ಸುರದ್ರೇನು?"

"ಇಲ್ಲಬೇ. ಕೈ ಹಿಡಕೊಂಡು ಬಿಟ್ವಿ. ಆಕಿ ಕೈ ನಾ ಹಿಡದಿದ್ದೆ, ನನ್ನ ಭುಜ ಅವರು ಹಿಡದಿದ್ರು."

"ಎಲ್ಲಾರೂ ಮುಟ್ಟಿದ್ರಾ?"

"ಎಲ್ಲಾರೂ."

ಜೋಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಹಂಗಾದ್ರ ನಾ ಸತ್ತಾಗ ನನಗೂ ಬಿಡು. ಆ ಟೀಚರಮ್ಮನ್ನೂ ಕರಸು. ಆಕಿನೂ ಕೈ ಹಿಡೀಲಿ."

ಮಾಸ್ತರರಿಗೆ ಈಗ ಹೊಸ ಅಂಜಿಕೆ. ಅವ್ವ ಕೆಮ್ಮಿದರೂ ಸಾಕು, ಎದ್ದು ಕೂಡುತ್ತಾರೆ. ಕ್ಯಾಂಪಿನ ಮತ್ತು ನಮ್ಮೂರ ಬೌದ್ಧರ ಆಚರಣೆಗಳನ್ನು ಕುರಿತು ಬರೆಯಲು ತೊಡಗಿರುವ ಮಾಸ್ತರರಿಗೆ ಆಯುರಾರೋಗ್ಯಗಳು ಲಭಿಸಲಿ, ಬರಹ ಸಾಂಗವಾಗಿ ಮುಗಿಯಲಿ. ಜೋಗಮ್ಮನವರು ನೂರು ದಾಟಲಿ. ಆ ನೀರಿನ ದಿನ ಬಹುದೂರವಿರಲಿ. ಅದು ಬಂದಾಗ, ಹಿಡಿಯಲು ಬಂದ ಕೈಗಳಿಗೆ ಅಂಗಳ ಸಾಲದಾಗಲಿ.