ಎರ್ಮಾಳಿನಲ್ಲಿ ಉದ್ದ ಲೆನ್ಸ್

ಪರ್ಕಳದಲ್ಲಿ ನನ್ನ ನೆರೆಯಲ್ಲಿದ್ದ ಮದುವೆ ಫೋಟೋಗ್ರಾಫರ್ ತಮ್ಮ ಮಿರರ್‌ಲೆಸ್ ಕ್ಯಾಮೆರಾಕ್ಕೆ ಬೇರೆ ಕಂಪೆನಿಯ, ದೂರದ್ದನ್ನು ಹತ್ತಿರ ತೋರಿಸುವ ಅಗ್ಗದ ಸೂಪರ್‌ಜೂಮ್ ಲೆನ್ಸ್ ಕೊಂಡಿದ್ದರು. ಯಾರಾದರೂ ಅದರ ಬಗ್ಗೆ ಹಗುರವಾಗಿ ಮಾತಾಡಿದರೆ, ಅಂಗಿಯ ಚುಂಗಿನಿಂದ ಒರೆಸುತ್ತಾ, “ಇದಕ್ಕೆ ಎಂತ ಕಮ್ಮಿ ಮಾರಾಯ?” ಎನ್ನುತ್ತಿದ್ದರು.

ಒಮ್ಮೆ ಅವರು ಎರ್ಮಾಳಿನ ಕಡಲತೀರದಲ್ಲಿ ಮದುಮಕ್ಕಳ ಚಿತ್ರ ತೆಗೆಯುವಾಗ ನಾನೂ ಜೊತೆಗಿದ್ದೆ. ಗಾಳಿ ಜೋರಾಯಿತು. ನಾಲ್ವರು ಮೀನಿಗೆ ಹೋಗಿದ್ದ ದೋಣಿಯೊಂದು ದೂರದ ಅಲೆಗಳಲ್ಲಿ ಹೊಯ್ದಾಡುತ್ತಿತ್ತು.

“ಅಣ್ಣಾ, ನಾಲ್ಕು ಜನವೂ ಉಂಟಾ ನೋಡಿ,” ಎಂದಳು, ಆ ದೋಣಿಯಲ್ಲಿದ್ದ ಗಂಡನಿಗಾಗಿ ದಡದಲ್ಲಿ ಕಾಯುತ್ತಿದ್ದ ಹೆಂಗಸೊಬ್ಬಳು.

ಅವರು ಲೆನ್ಸನ್ನು ಪೂರ್ತಿ ಚಾಚಿದರು. ಕ್ಯಾಮೆರಾದ ಪರದೆಯಲ್ಲಿ ಮೂರೇ ತಲೆಗಳು ನನಗೂ ಸ್ಪಷ್ಟವಾಗಿ ಕಂಡವು.

“ನಿಲ್ಲಿ ಅಕ್ಕಾ, ಈ ಲೆನ್ಸ್ ಸರಿ ಇಲ್ಲ, ಮಸುಕು ಕಾಣ್ತದೆ,” ಎಂದರು. ಪರದೆ ಆಕೆಗೆ ಕಾಣದಂತೆ ತಿರುಗಿ ನಿಂತು ನೋಡುತ್ತಲೇ ಇದ್ದರು.

ಸ್ವಲ್ಪ ಹೊತ್ತಿನ ಬಳಿಕ, ದೋಣಿಯ ತಳದಲ್ಲಿ ಬಗ್ಗಿ ನೀರು ಮೊಗೆಯುತ್ತಿದ್ದ ನಾಲ್ಕನೆಯವನು ತಲೆಯೆತ್ತಿದ. ಅವರು ಕ್ಯಾಮೆರಾವನ್ನೇ ಆಕೆಯ ಕೈಗೆ ಕೊಟ್ಟರು.